ನಿಯಂತ್ರಣ ಸಡಿಲಿಸುವ ಪ್ರಸ್ತಾಪವೊಂದನ್ನು ಪರಿಶೀಲಿಸುವುದು ಹೇಗೆ

ಯಾವುದಾದರೊಂದು ಉದ್ಯಮದ ಮೇಲಿನ ನಿಯಮಗಳನ್ನು ಸಡಿಲಿಸಬೇಕೆಂಬ ಪ್ರಸ್ತಾಪ ಬಂದಾಗಲೆಲ್ಲ ಚರ್ಚೆ ಎರಡು ಸಿದ್ಧ ಮಾತುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಇದೆಲ್ಲ ಬಂಡವಾಳಗಾರರ ದುರಾಸೆ ಎಂದು ಕೆಲವರು ಹೇಳಿದರೆ, ಸರ್ಕಾರ ಕೈಯಿಟ್ಟ ಕಡೆಯೆಲ್ಲ ವ್ಯವಹಾರ ಕೆಟ್ಟಿದೆ ಎಂದು ಉಳಿದವರು ಹೇಳುತ್ತಾರೆ. ಈ ಎರಡೂ ಮಾತುಗಳನ್ನು ಯಾವ ಮಸೂದೆಯ ಬಗ್ಗೆಯಾದರೂ ಅದನ್ನು ಓದದೆಯೇ ಹೇಳಬಹುದು. ಪತ್ರಿಕೆಯಲ್ಲಿ ಸುದ್ದಿ ಓದುವವರು, ಕರಡು ನಿಯಮಕ್ಕೆ ಆಕ್ಷೇಪಣೆ ಬರೆಯುವವರು, ಅರ್ಥಶಾಸ್ತ್ರ ಓದುತ್ತಿರುವವರು ಇಂತಹ ಪ್ರಸ್ತಾಪವೊಂದನ್ನು ಕೈಗೆತ್ತಿಕೊಂಡು ಅದರ ಒಳಗೆ ಏನಿದೆ ಎಂದು ತಾವೇ ನೋಡಿಕೊಳ್ಳಲು ಬೇಕಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಗಳಲ್ಲಿ ಹೆಚ್ಚಿನವು ಅಮೆರಿಕದವು. ನಿಯಮಗಳನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ ಅನುಭವ ಆ ದೇಶಕ್ಕೆ ಹೇರಳವಾಗಿದೆ, ಅದರ ಬಹುಪಾಲು ಸಾರ್ವಜನಿಕ ದಾಖಲೆಯಲ್ಲಿಯೂ ಇದೆ.

ಮೊದಲು ದುರಾಸೆ ಎಂಬ ಪದವನ್ನು ಚರ್ಚೆಯಿಂದ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ದುರಾಸೆ ಇಲ್ಲವೆಂದಲ್ಲ, ಅದು ಎಲ್ಲ ಕಾಲದಲ್ಲಿಯೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇರುತ್ತದೆ. 1955ರ ಬ್ಯಾಂಕರು 2005ರ ಬ್ಯಾಂಕರಿಗಿಂತ ಸಂತನಾಗಿದ್ದ ಎಂದು ನಂಬಲು ಕಾರಣವಿಲ್ಲ. ಎಂದೂ ಬದಲಾಗದ ಸಂಗತಿಯಿಂದ ಬದಲಾವಣೆಯನ್ನು ವಿವರಿಸಲಾಗದು. ಬದಲಾಗುವುದು ಬೇರೆ: ಲಾಭ ಬಂದರೆ ಯಾರಿಗೆ, ನಷ್ಟವಾದರೆ ಯಾರ ತಲೆಗೆ, ನಡುವೆ ನೋಡಿಕೊಳ್ಳುವವರು ಯಾರು ಎಂಬ ಏರ್ಪಾಡು. ಪರಿಶೀಲನೆಯ ಕೆಲಸವೆಲ್ಲ ಈ ಏರ್ಪಾಡನ್ನು ಬಿಡಿಸಿ ನೋಡುವುದೇ ಆಗಿದೆ.

ನಿಯಮವನ್ನು ಹೆಸರಿಸಿ

‘ನಿಯಂತ್ರಣಗಳು ಹೆಚ್ಚಾಗಿವೆ’ ಎಂಬ ಹೇಳಿಕೆಯನ್ನು ಪರಿಶೀಲಿಸಲು ಸಾಧ್ಯವಿಲ್ಲ. ಆದ್ದರಿಂದ ಪ್ರಸ್ತಾಪ ತೆಗೆದುಹಾಕಲಿರುವ ನಿಯಮ ಯಾವುದು, ಅದು ಯಾರಿಗೆ ಏನನ್ನು ನಿಷೇಧಿಸುತ್ತದೆ ಅಥವಾ ಕಡ್ಡಾಯಗೊಳಿಸುತ್ತದೆ, ಯಾವ ವರ್ಷದಲ್ಲಿ ಬಂತು ಎಂಬುದನ್ನು ಎರಡು ಮೂರು ವಾಕ್ಯಗಳಲ್ಲಿ ಬರೆದುಕೊಳ್ಳಿ. ಬರೆಯಲು ಕುಳಿತಾಗಲೇ ಅನೇಕ ಪ್ರಸ್ತಾಪಗಳು ಒಂದಲ್ಲ, ಹಲವು ನಿಯಮಗಳ ಗಂಟು ಎಂಬುದು ತಿಳಿಯುತ್ತದೆ. ಆ ಗಂಟಿನೊಳಗೆ ಹೋಗಲೇಬೇಕಾದ ನಿಯಮವೂ ಉಳಿಯಲೇಬೇಕಾದ ನಿಯಮವೂ ಒಟ್ಟಿಗೆ ಇರುವುದು ಅಪರೂಪವಲ್ಲ.

ಬರೆದುಕೊಂಡ ಮೇಲೆ ಅದು ಯಾವ ಜಾತಿಯ ನಿಯಮವೆಂದು ಗುರುತಿಸಿ. ಬೆಲೆ ಎಷ್ಟಿರಬೇಕು, ವ್ಯಾಪಾರಕ್ಕೆ ಯಾರು ಬರಬಹುದು ಎಂದು ನಿರ್ಧರಿಸುವ ನಿಯಮಗಳು ಒಂದು ಬಗೆಯವು. ಸುರಕ್ಷತೆ, ಆರೋಗ್ಯ, ಮಾಲಿನ್ಯಗಳಿಗೆ ಸಂಬಂಧಿಸಿದವು ಇನ್ನೊಂದು ಬಗೆಯವು. ಬ್ಯಾಂಕುಗಳಂತಹ ಸಂಸ್ಥೆಗಳು ಎಷ್ಟು ಸ್ವಂತ ಬಂಡವಾಳ ಇಟ್ಟುಕೊಳ್ಳಬೇಕು, ಯಾವ ಅಪಾಯಕ್ಕೆ ಕೈಹಾಕಬಾರದು ಎನ್ನುವವು ಮೂರನೆಯವು. ಕೊಳ್ಳುವವರಿಗೆ ಮಾಹಿತಿ ಕೊಡಲೇಬೇಕೆನ್ನುವ ನಿಯಮಗಳೂ ಇವೆ. ಈ ವಿಂಗಡಣೆ ಏಕೆ ಮುಖ್ಯವೆಂಬುದನ್ನು ಅಮೆರಿಕದ ವಿಮಾನಯಾನದ ಕಥೆ ಚೆನ್ನಾಗಿ ತೋರಿಸುತ್ತದೆ.

1938ರಲ್ಲಿ ಸ್ಥಾಪನೆಯಾದ ನಾಗರಿಕ ವಿಮಾನಯಾನ ಮಂಡಳಿ ಅಲ್ಲಿ ಯಾವ ಕಂಪನಿ ಯಾವ ಮಾರ್ಗದಲ್ಲಿ ಹಾರಬೇಕು, ಟಿಕೆಟ್ ದರ ಎಷ್ಟಿರಬೇಕು ಎಂದು ನಿರ್ಧರಿಸುತ್ತಿತ್ತು. ಸುಮಾರು ನಾಲ್ಕು ದಶಕಗಳ ಕಾಲ ಅದು ದೇಶದ ಮುಖ್ಯ ಮಾರ್ಗಗಳಿಗೆ ಒಂದೇ ಒಂದು ಹೊಸ ದೊಡ್ಡ ಕಂಪನಿಯನ್ನೂ ಬಿಟ್ಟುಕೊಳ್ಳಲಿಲ್ಲ. ಮಂಡಳಿಯ ಅಧಿಕಾರ ರಾಜ್ಯ ರಾಜ್ಯಗಳ ನಡುವಿನ ಹಾರಾಟಕ್ಕೆ ಮಾತ್ರ ಅನ್ವಯಿಸುತ್ತಿದ್ದುದರಿಂದ, ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಾಸ್ ಒಳಗಷ್ಟೇ ಹಾರುತ್ತಿದ್ದ ಕಂಪನಿಗಳು ಅಷ್ಟೇ ದೂರಕ್ಕೆ ಬಹಳ ಕಡಿಮೆ ದರ ಪಡೆಯುತ್ತಿದ್ದವು. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಪುರಾವೆ ಸಿಗುವುದು ಕಷ್ಟ. ನಿಯಂತ್ರಣದಿಂದ ರಕ್ಷಣೆ ಸಿಗುತ್ತಿದ್ದುದು ಪ್ರಯಾಣಿಕರಿಗಲ್ಲ, ಆಗಲೇ ಒಳಗಿದ್ದ ಕಂಪನಿಗಳಿಗೆ. ಸೆನೆಟರ್ ಎಡ್ವರ್ಡ್ ಕೆನಡಿ 1975ರಲ್ಲಿ ಈ ವಿಷಯದ ಮೇಲೆ ವಿಚಾರಣೆ ನಡೆಸಿದರು. ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಕಾನ್ ಮಂಡಳಿಯ ಅಧ್ಯಕ್ಷರಾಗಿ ಬಂದು ಅದನ್ನೇ ಮುಚ್ಚುವ ದಾರಿ ಸಿದ್ಧಪಡಿಸಿದರು. 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಕಾಯ್ದೆಗೆ ಸಹಿ ಹಾಕಿದರು. ಮೂವರೂ ಡೆಮಾಕ್ರಟಿಕ್ ಪಕ್ಷದ ಕಡೆಯವರು ಎಂಬುದನ್ನು, ನಿಯಂತ್ರಣ ಸಡಿಲಿಕೆಯೆಂದರೆ ಬಲಪಂಥದ ಸ್ವತ್ತು ಎಂದು ಭಾವಿಸುವವರು ಗಮನಿಸಬೇಕು.

ಆದರೆ 1978ರ ಕಾಯ್ದೆ ತೆಗೆದುಹಾಕಿದ್ದು ದರ ಮತ್ತು ಪ್ರವೇಶದ ನಿಯಮಗಳನ್ನು ಮಾತ್ರ. ವಿಮಾನದ ವಿನ್ಯಾಸ, ದುರಸ್ತಿ, ಪೈಲಟ್‌ಗಳ ತರಬೇತಿ ಇವುಗಳ ಮೇಲಿನ ನಿಯಂತ್ರಣ ಬೇರೆ ಸಂಸ್ಥೆಯಾದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ ಕೈಯಲ್ಲಿ ಹಾಗೆಯೇ ಉಳಿಯಿತು. ಸರಾಸರಿ ದರಗಳು ಇಳಿದವು, ಹಾರಾಟ ಅಪಾಯಕರವಾಗಲಿಲ್ಲ. ‘ವಿಮಾನಯಾನದಲ್ಲಿ ನಿಯಂತ್ರಣ ತೆಗೆದರು, ಒಳ್ಳೆಯದಾಯಿತು, ಆದ್ದರಿಂದ ಬ್ಯಾಂಕಿನಲ್ಲಿಯೂ ತೆಗೆಯೋಣ’ ಎಂಬ ವಾದ ಸೋಲುವುದು ಇಲ್ಲಿಯೇ. ಒಂದು ಬಗೆಯ ನಿಯಮದ ಬಗ್ಗೆ ಸಿಕ್ಕ ಪುರಾವೆಯನ್ನು ಇನ್ನೊಂದು ಬಗೆಗೆ ದಾಟಿಸುವಂತಿಲ್ಲ. ವಿಮಾನಯಾನದಲ್ಲಿಯೂ ಕಥೆ ಅಲ್ಲಿಗೆ ಮುಗಿಯಲಿಲ್ಲ: ಮುಂದೆ ಕಂಪನಿಗಳು ಒಂದನ್ನೊಂದು ನುಂಗುತ್ತಾ ಹೋಗಿ ದೇಶೀಯ ಮಾರುಕಟ್ಟೆಯ ಬಹುಪಾಲು ನಾಲ್ಕು ಕಂಪನಿಗಳ ಕೈಸೇರಿತು. ದರದ ನಿಯಂತ್ರಣ ತೆಗೆದ ಸರ್ಕಾರ ಪೈಪೋಟಿಯನ್ನು ಕಾಯುವ ಕೆಲಸವನ್ನು ಬಿಡುವಂತಿಲ್ಲ.

ಹುಟ್ಟಿದ ಕಾರಣವನ್ನು ಹುಡುಕಿ

ಮುಂದಿನ ಕೆಲಸ, ಆ ನಿಯಮ ಯಾವ ಅನಾಹುತದ ನಂತರ ಬಂತೆಂದು ನೋಡುವುದು. ಆರ್ಥಿಕ ನಿಯಮಗಳಲ್ಲಿ ಬಹಳಷ್ಟು ಯಾವುದಾದರೂ ಕುಸಿತದ ನಂತರ ಬರೆದಂಥವು. 1933ರ ಅಮೆರಿಕದ ಬ್ಯಾಂಕಿಂಗ್ ಕಾಯ್ದೆ ಸಾವಿರಾರು ಬ್ಯಾಂಕುಗಳು ಮುಳುಗಿದ ನಂತರ ಬಂದು, ಠೇವಣಿಗಳಿಗೆ ಸರ್ಕಾರಿ ವಿಮೆಯನ್ನು ತಂದಿತು. ಜೊತೆಗೆ ಜನರ ಠೇವಣಿ ಇಟ್ಟುಕೊಳ್ಳುವ ಬ್ಯಾಂಕು ಷೇರುಪೇಟೆಯ ವಹಿವಾಟಿಗೆ ಇಳಿಯದಂತೆ ಗೋಡೆ ಕಟ್ಟಿತು. ಈ ಎರಡನ್ನು ಒಂದೇ ಒಪ್ಪಂದದ ಎರಡು ಕಡೆಗಳಾಗಿ ಓದಬಹುದು: ನಿಮ್ಮ ನಷ್ಟಕ್ಕೆ ನಾವು ಹೊಣೆ ನಿಲ್ಲುತ್ತೇವೆ, ಅದಕ್ಕೆ ಬದಲಾಗಿ ನೀವು ಇಂತಿಂಥ ಅಪಾಯಕ್ಕೆ ಕೈಹಾಕಬಾರದು. 1999ರ ನವೆಂಬರ್‌ನಲ್ಲಿ ಬಂದ ಕಾಯ್ದೆ, ಒಂದೇ ಒಡೆತನದ ಗುಂಪಿನಲ್ಲಿ ಬ್ಯಾಂಕು, ಷೇರು ವಹಿವಾಟು, ವಿಮೆ ಮೂರೂ ಇರಬಹುದೆಂದು ಆ ಗೋಡೆಯ ಮುಖ್ಯ ಭಾಗವನ್ನು ಕೆಡವಿತು. ಠೇವಣಿಗಳ ಸರ್ಕಾರಿ ವಿಮೆ ಮಾತ್ರ ಉಳಿಯಿತು. 2008ರ ಹಣಕಾಸು ಕುಸಿತಕ್ಕೆ ಇದೊಂದೇ ಕಾರಣವೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಆಗ ಮುಳುಗಿದ ಲೀಮನ್ ಬ್ರದರ್ಸ್ ಹಳೆಯ ಗೋಡೆಯ ಆಚೆ ಬದಿಯಲ್ಲಿದ್ದ ಹೂಡಿಕೆ ಸಂಸ್ಥೆಯಾಗಿತ್ತು, ಠೇವಣಿ ಬ್ಯಾಂಕಲ್ಲ. ಆದರೂ ಒಪ್ಪಂದದ ಒಂದು ಕಡೆಯನ್ನು ಮಾತ್ರ ಸಡಿಲಿಸುವ ಪ್ರಸ್ತಾಪ ಕಂಡರೆ ಅಲ್ಲಿ ನಿಂತು ನೋಡಬೇಕೆಂಬ ಪಾಠ ಇದರಲ್ಲಿದೆ.

ಹುಟ್ಟಿದ ಕಾರಣ ಈಗ ಇಲ್ಲವೆಂದಾದರೆ ನಿಯಮ ಹೋಗಬಹುದು. ಕಾರಣ ಇನ್ನೂ ಇದ್ದು, ನಿಯಮದಿಂದಾಗಿಯೇ ಕಣ್ಣಿಗೆ ಬೀಳುತ್ತಿಲ್ಲವೇ ಎಂಬುದನ್ನು ಪ್ರತ್ಯೇಕವಾಗಿ ಕೇಳಬೇಕು. ‘ಐವತ್ತು ವರ್ಷಗಳಿಂದ ಅಂತಹ ಕುಸಿತ ಆಗಿಯೇ ಇಲ್ಲ, ಈ ನಿಯಮ ಏಕೆ?’ ಎಂಬ ವಾದಕ್ಕೆ ಉತ್ತರ ಅನೇಕ ಸಲ ಆ ವಾಕ್ಯದೊಳಗೇ ಇರುತ್ತದೆ.

ನಷ್ಟ ಯಾರ ತಲೆಗೆ

ಇಡೀ ಪರಿಶೀಲನೆಯಲ್ಲಿ ಅತಿ ಹೆಚ್ಚು ಸಮಯ ಬೇಡುವ ಭಾಗ ಇದು. ಒಂದು ಸಣ್ಣ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿ. ಒಂದು ಬ್ಯಾಂಕಿನ ಬಳಿ 100 ರೂಪಾಯಿ ಇದೆ ಎಂದುಕೊಳ್ಳೋಣ. ಅದರಲ್ಲಿ 3 ಮಾಲೀಕರದು, 97 ಠೇವಣಿದಾರರದು, ಮತ್ತು ಠೇವಣಿಗೆ ಸರ್ಕಾರದ ವಿಮೆಯಿದೆ. ಮಾಲೀಕರ ಮುಂದೆ ಒಂದು ಹೂಡಿಕೆ ಬರುತ್ತದೆ: ಅರ್ಧ ಸಂಭವ 20 ಲಾಭ, ಅರ್ಧ ಸಂಭವ 20 ನಷ್ಟ. ಒಟ್ಟಿನಲ್ಲಿ ನೋಡಿದರೆ ಇದರ ಸರಾಸರಿ ಫಲ ಸೊನ್ನೆ. ಬುದ್ಧಿಯಿದ್ದವರು ತಮ್ಮ ಸ್ವಂತ ಹಣವನ್ನು ಇದಕ್ಕೆ ಹಾಕಲಾರರು. ಆದರೆ ಮಾಲೀಕರ ಕಡೆಯಿಂದ ನೋಡಿ. ಗೆದ್ದರೆ 20 ಅವರದು. ಸೋತರೆ ಅವರು ಕಳೆದುಕೊಳ್ಳುವುದು ತಮ್ಮ 3 ಮಾತ್ರ, ಉಳಿದ 17 ವಿಮೆ ಕೊಡುವವರ ಪಾಲಿಗೆ. ಸರಾಸರಿಯಲ್ಲಿ ಮಾಲೀಕರಿಗೆ 8.5 ಲಾಭ, ವಿಮೆ ಕೊಟ್ಟವರಿಗೆ ಸರಿಯಾಗಿ ಅಷ್ಟೇ ನಷ್ಟ. ಈಗ ಮಾಲೀಕರ ಪಾಲು 3ರ ಬದಲು 20 ಆಗಿರಬೇಕೆಂಬ ನಿಯಮವಿದೆ ಎನ್ನಿ. ಗೆದ್ದರೂ ಸೋತರೂ ಪೂರ್ತಿ ಅವರದೇ ಆಗುವುದರಿಂದ ಅದೇ ಹೂಡಿಕೆ ಆಕರ್ಷಣೆ ಕಳೆದುಕೊಳ್ಳುತ್ತದೆ. ಎರಡೂ ಸಂದರ್ಭಗಳಲ್ಲಿ ಮನುಷ್ಯ ಅವನೇ, ಆಸೆಯೂ ಅಷ್ಟೇ. ಸ್ವಂತ ಬಂಡವಾಳದ ನಿಯಮವೊಂದೇ ಬೇರೆ.

ಇದು ಕೇವಲ ಕಾಗದದ ಲೆಕ್ಕವಲ್ಲ. ಅಮೆರಿಕದಲ್ಲಿ ಮನೆ ಸಾಲ ಕೊಡಲೆಂದೇ ಇದ್ದ ಉಳಿತಾಯ ಸಂಸ್ಥೆಗಳು ದೀರ್ಘಾವಧಿಗೆ ಕಡಿಮೆ ಸ್ಥಿರ ಬಡ್ಡಿಯಲ್ಲಿ ಸಾಲ ಕೊಟ್ಟು ಕುಳಿತಿದ್ದಾಗ, 1970ರ ದಶಕದ ಕೊನೆಯಲ್ಲಿ ಹಣದುಬ್ಬರದೊಂದಿಗೆ ಬಡ್ಡಿದರ ಎರಡಂಕಿಗೆ ಏರಿತು. ಠೇವಣಿಗೆ ಕೊಡಬಹುದಾದ ಬಡ್ಡಿಗೆ ಸರ್ಕಾರವೇ ಮಿತಿ ಹಾಕಿದ್ದರಿಂದ ಜನ ಹಣ ತೆಗೆದು ಬೇರೆಡೆ ಇಡತೊಡಗಿದರು. ಆ ಹಳೆಯ ಮಿತಿ ಕೆಟ್ಟ ನಿಯಮವೇ ಆಗಿತ್ತು, ಅದನ್ನು ತೆಗೆಯಬೇಕಾದದ್ದು ನಿಜ. ಆದರೆ 1980ರ ಕಾಯ್ದೆ ಅದನ್ನು ಹಂತಹಂತವಾಗಿ ತೆಗೆಯುವುದರ ಜೊತೆಗೆ ಪ್ರತಿ ಠೇವಣಿಯ ವಿಮೆಯನ್ನು 40,000 ಡಾಲರ್‌ನಿಂದ 1,00,000 ಡಾಲರ್‌ಗೆ ಏರಿಸಿತು. 1982ರ ಕಾಯ್ದೆ ವಾಣಿಜ್ಯ ಕಟ್ಟಡಗಳಂತಹ ಅಪಾಯದ ಸಾಲಗಳಿಗೆ ದಾರಿ ತೆರೆಯಿತು. ನಿಯಂತ್ರಕ ಮಂಡಳಿ ಕನಿಷ್ಠ ಸ್ವಂತ ಬಂಡವಾಳವನ್ನು ಶೇ 5ರಿಂದ 4ಕ್ಕೆ, ಮತ್ತೆ 3ಕ್ಕೆ ಇಳಿಸಿತು. ಮೇಲಿನ ಲೆಕ್ಕದ 3 ಎಲ್ಲಿಂದ ಬಂತೆಂದು ಈಗ ಓದುಗರಿಗೆ ತಿಳಿದಿರಬೇಕು. ಆಗಲೇ ಒಳಗೊಳಗೆ ದಿವಾಳಿಯಾಗಿದ್ದ ಸಂಸ್ಥೆಗಳ ಮಾಲೀಕರಿಗೆ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ವಿಮೆಯಿರುವ ಠೇವಣಿ ತಂದು ದೊಡ್ಡ ಜೂಜು ಆಡುವುದೊಂದೇ ಅವರಿಗೆ ಉಳಿದ ದಾರಿಯಾಯಿತು. 1986ರಿಂದ 1995ರೊಳಗೆ ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಮುಚ್ಚಿದವು. ಅವುಗಳಿಗೆ ವಿಮೆ ನೀಡಿದ್ದ ನಿಗಮವೇ ದಿವಾಳಿಯಾಗಿ 1989ರಲ್ಲಿ ರದ್ದಾಯಿತು. ತೆರಿಗೆದಾರರ ಮೇಲೆ ಬಿದ್ದ ಹೊರೆ 12,000 ಕೋಟಿ ಡಾಲರ್‌ಗೂ ಹೆಚ್ಚು.

ಆದ್ದರಿಂದ ಯಾವುದೇ ಪ್ರಸ್ತಾಪದ ಮುಂದೆ ಕುಳಿತು, ಈ ನಿಯಮ ಹೋದ ಮೇಲೆ ಕೆಟ್ಟ ನಿರ್ಧಾರವೊಂದು ನಡೆದರೆ ಮೊದಲ ರೂಪಾಯಿಯ ನಷ್ಟ ಯಾರದು, ನೂರನೆಯ ರೂಪಾಯಿಯ ನಷ್ಟ ಯಾರದು ಎಂದು ಬರೆದುಕೊಳ್ಳಿ. ಎರಡೂ ನಿರ್ಧಾರ ಮಾಡಿದವರದೇ ಆದರೆ ನಿಯಮ ಸಡಿಲಿಸುವ ವಾದಕ್ಕೆ ಬಲವಿದೆ. ಜನ ತಮ್ಮ ಸ್ವಂತ ಹಣದ ಬಗ್ಗೆ ಎಚ್ಚರವಾಗಿಯೇ ಇರುತ್ತಾರೆ. ನೂರನೆಯ ರೂಪಾಯಿ ಠೇವಣಿದಾರರದೋ ನೆರೆಹೊರೆಯವರದೋ ತೆರಿಗೆದಾರರದೋ ಆಗಿದ್ದರೆ, ನಿಯಮದ ಬದಲಿಗೆ ಇನ್ನೇನು ಬರುತ್ತದೆ ಎಂದು ಪ್ರಸ್ತಾಪಿಸುವವರು ಹೇಳಲೇಬೇಕು. ನೆರೆಹೊರೆಯವರೆಂದರೆ ವಿಶಾಲ ಅರ್ಥದಲ್ಲಿ. ಪೆಟ್ರೋಲಿನಲ್ಲಿ ಸೀಸ ಬೆರೆಸುವುದು ತಯಾರಕರಿಗೆ ಅಗ್ಗವಾಗಿತ್ತು, ವಾಹನ ಓಡಿಸುವವರಿಗೂ ಅನುಕೂಲವಾಗಿತ್ತು. ಅದರ ಹೊಗೆ ಕುಡಿದ ಮಕ್ಕಳು ಆ ವ್ಯವಹಾರದಲ್ಲಿ ಪಾಲುದಾರರೇ ಆಗಿರಲಿಲ್ಲ. ಕೊಳ್ಳುವವರಿಗೂ ಮಾರುವವರಿಗೂ ತೃಪ್ತಿಯಿದ್ದ ಆ ವ್ಯವಹಾರ ಪೈಪೋಟಿಯೊಂದರಿಂದಲೇ ನಿಲ್ಲುವಂಥದ್ದಾಗಿರಲಿಲ್ಲ. ಅಮೆರಿಕ 1996ರಲ್ಲಿ ರಸ್ತೆ ವಾಹನಗಳಿಗೆ ಅದನ್ನು ಪೂರ್ತಿ ನಿಷೇಧಿಸಿತು. ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯ 2021ರಲ್ಲಿ ಮಾರಾಟ ನಿಲ್ಲಿಸಿತು.

ಕಾಯುವವರನ್ನೂ ನೋಡಿ

ಕಾಗದದ ಮೇಲೆ ನಿಯಮ ಇದ್ದ ಮಾತ್ರಕ್ಕೆ ಅದು ಇದೆಯೆಂದು ತಿಳಿಯಬಾರದು. ಜಾರಿ ಮಾಡುವ ಸಂಸ್ಥೆಗೆ ಹಣ ಎಲ್ಲಿಂದ ಬರುತ್ತದೆ, ಅದರಲ್ಲಿ ಎಷ್ಟು ಜನ ಪರಿಣತರಿದ್ದಾರೆ, ಅವರು ಅಲ್ಲಿಂದ ಬಿಟ್ಟ ಮೇಲೆ ಎಲ್ಲಿ ಕೆಲಸಕ್ಕೆ ಸೇರುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿ. ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1971ರಲ್ಲಿ, ನಿಯಂತ್ರಣವನ್ನು ಬಹಳ ಸಲ ಉದ್ಯಮವೇ ಬಯಸಿ ಪಡೆದು ತನ್ನ ಅನುಕೂಲಕ್ಕೆ ಬಳಸಿಕೊಳ್ಳುತ್ತದೆ ಎಂದು ವಾದಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಮಾತನ್ನು ಬಲ್ಲ ಕನ್ನಡಿಗರಿಗೆ ಇದು ಹೊಸ ವಿಚಾರವಲ್ಲ. ವಿಚಿತ್ರವೆಂದರೆ ಸ್ಟಿಗ್ಲರ್ ಮಾರುಕಟ್ಟೆಯ ಪರ ನಿಂತವರು, ಆದರೆ ಅವರ ವಾದವನ್ನು ಸಡಿಲಿಕೆಯ ಪ್ರಸ್ತಾಪಗಳಿಗೂ ಹಾಗೆಯೇ ಅನ್ವಯಿಸಬಹುದು: ನಿಯಮ ಬರೆಸಿಕೊಳ್ಳುವ ಶಕ್ತಿಯಿರುವ ಉದ್ಯಮಕ್ಕೆ ನಿಯಮ ಅಳಿಸಿಕೊಳ್ಳುವ ಶಕ್ತಿಯೂ ಇರುತ್ತದೆ.

2008ಕ್ಕೆ ಮುನ್ನ ಅಮೆರಿಕದ ಹಣಕಾಸು ಸಂಸ್ಥೆಗಳಿಗೆ ತಮ್ಮ ಮೇಲ್ವಿಚಾರಕರನ್ನು ತಾವೇ ಆರಿಸಿಕೊಳ್ಳುವ ಅನುಕೂಲವಿತ್ತು. ಉಳಿತಾಯ ಸಂಸ್ಥೆಗಳನ್ನು ನೋಡಿಕೊಳ್ಳುವ ಕಚೇರಿಯ ಖರ್ಚು ಅದು ನೋಡಿಕೊಳ್ಳುವ ಸಂಸ್ಥೆಗಳ ಶುಲ್ಕದಿಂದಲೇ ನಡೆಯುತ್ತಿತ್ತು. ದೊಡ್ಡ ಸಂಸ್ಥೆಯೊಂದು ಎದ್ದು ಹೋದರೆ ಕಚೇರಿಯ ಬಜೆಟ್ಟೇ ಕುಸಿಯುತ್ತಿತ್ತು. ವಿಮಾ ದೈತ್ಯ ಎಐಜಿ ಒಂದು ಸಣ್ಣ ಉಳಿತಾಯ ಬ್ಯಾಂಕಿನ ಒಡೆತನದ ಮೂಲಕ ಇದೇ ಕಚೇರಿಯ ಮೇಲ್ವಿಚಾರಣೆಗೆ ಒಳಪಟ್ಟಿತ್ತು. ಆ ಕಂಪನಿಯ ಒಂದು ಘಟಕ ಅಡಮಾನ ಸಾಲಪತ್ರಗಳು ಮುಳುಗಿದರೆ ನಾವು ತುಂಬಿಕೊಡುತ್ತೇವೆ ಎಂಬ ಭರವಸೆಗಳನ್ನು ರಾಶಿರಾಶಿಯಾಗಿ ಮಾರಿತು, ತುಂಬಿಕೊಡಲು ಹಣ ಎತ್ತಿಡಲಿಲ್ಲ. ಸಾಧಾರಣ ವಿಮೆಯಾಗಿದ್ದರೆ ಹಣ ಎತ್ತಿಡುವುದು ಕಡ್ಡಾಯ. ಆದರೆ ಇದು ಡೆರಿವೇಟಿವ್ (ಬೇರೊಂದು ಆಸ್ತಿಯ ಬೆಲೆಯನ್ನು ಅವಲಂಬಿಸಿದ ಒಪ್ಪಂದ) ಆದ್ದರಿಂದ, 2000ದ ಡಿಸೆಂಬರ್‌ನಲ್ಲಿ ಬಂದ ಕಾಯ್ದೆ ಇಂತಹ ಖಾಸಗಿ ಒಪ್ಪಂದಗಳ ಬಹುಭಾಗವನ್ನು ನಿಯಂತ್ರಣದ ಹೊರಗೆ ಇಟ್ಟಿತ್ತು. 2008ರ ಸೆಪ್ಟೆಂಬರ್ 16ರಂದು ಎಐಜಿಗೆ 8,500 ಕೋಟಿ ಡಾಲರ್ ಸಾಲ ಘೋಷಿಸಬೇಕಾಯಿತು. ಮುಂದೆ ಸರ್ಕಾರದ ಒಟ್ಟು ಬದ್ಧತೆ 18,200 ಕೋಟಿ ಡಾಲರ್ ಮುಟ್ಟಿತು. ಆ ನೆರವು ಕೊನೆಗೆ ವಾಪಸು ಬಂತೆಂಬುದನ್ನೂ ಹೇಳಬೇಕು, ಆದರೆ ಅಷ್ಟು ಹಣವನ್ನು ಅಪಾಯಕ್ಕೆ ಒಡ್ಡಬೇಕಾಗಿ ಬಂದದ್ದು ಸಾರ್ವಜನಿಕರಿಗೆ.

ಈ ವಿಷಯದಲ್ಲಿ ಎಚ್ಚರಿಕೆ ಕೇಳಿಬಂದಿರಲಿಲ್ಲವೇ? ಬಂದಿತ್ತು. 1998ರಲ್ಲಿ ಮುಂಗಡ ವ್ಯಾಪಾರವನ್ನು ನೋಡಿಕೊಳ್ಳುವ ಕಮಾಡಿಟಿ ಫ್ಯೂಚರ್ಸ್ ಆಯೋಗದ ಅಧ್ಯಕ್ಷೆಯಾಗಿದ್ದ ಬ್ರೂಕ್ಸ್‌ಲಿ ಬಾರ್ನ್, ಈ ಒಪ್ಪಂದಗಳನ್ನು ನಿಯಂತ್ರಿಸಬೇಕೇ ಎಂದು ಸಾರ್ವಜನಿಕವಾಗಿ ಪ್ರಶ್ನೆ ಕೇಳುವ ಪತ್ರವೊಂದನ್ನು ಹೊರಡಿಸಿದರು. ಪ್ರಶ್ನೆ ಕೇಳಿದ್ದಷ್ಟೇ, ನಿಯಮ ಮಾಡಿರಲಿಲ್ಲ. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಅಧ್ಯಕ್ಷ ಅಲನ್ ಗ್ರೀನ್‌ಸ್ಪ್ಯಾನ್ ಮತ್ತು ಖಜಾನೆ ಕಾರ್ಯದರ್ಶಿ ರಾಬರ್ಟ್ ರೂಬಿನ್ ಅದನ್ನು ಬಹಿರಂಗವಾಗಿ ವಿರೋಧಿಸಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ನಿಧಿ ಅತಿಯಾದ ಸಾಲ ಮತ್ತು ಇಂತಹ ಒಪ್ಪಂದಗಳ ಭಾರದಿಂದ ಕುಸಿದು, ಅದನ್ನು ಎತ್ತಿ ಹಿಡಿಯಲು ನ್ಯೂಯಾರ್ಕ್‌ನ ಫೆಡರಲ್ ರಿಸರ್ವ್, ಖಾಸಗಿ ಬ್ಯಾಂಕುಗಳ ಒಕ್ಕೂಟವನ್ನು ಕೂಡಿಸಬೇಕಾಯಿತು. ಆದರೂ 2000ದ ಕಾಯ್ದೆ ಬಂತು. 2008ರ ಅಕ್ಟೋಬರ್ 23ರಂದು ಗ್ರೀನ್‌ಸ್ಪ್ಯಾನ್ ಅಮೆರಿಕದ ಪ್ರತಿನಿಧಿಗಳ ಸದನದ ಸಮಿತಿಯ ಮುಂದೆ ಕುಳಿತು, ಸಾಲ ಕೊಡುವ ಸಂಸ್ಥೆಗಳು ಸ್ವಹಿತಕ್ಕಾಗಿಯಾದರೂ ತಮ್ಮ ಷೇರುದಾರರನ್ನು ಕಾಪಾಡಿಕೊಳ್ಳುತ್ತವೆ ಎಂಬ ತಮ್ಮ ನಂಬಿಕೆಯಲ್ಲಿ ದೋಷವಿತ್ತೆಂದು ಒಪ್ಪಿಕೊಂಡರು. ಆ ನಂಬಿಕೆಯಲ್ಲಿದ್ದ ತೊಡಕನ್ನು ಮೇಲಿನ 3 ಮತ್ತು 97ರ ಲೆಕ್ಕ ಹಾಕಿದವರು ಹೊಸದಾಗಿ ಕಲಿಯಬೇಕಿಲ್ಲ. ಇನ್ನೊಂದು ಅಂಶವಿದೆ: ಸಂಸ್ಥೆಯ ಹಿತ, ಅದರ ಷೇರುದಾರರ ಹಿತ, ವರ್ಷದ ಕೊನೆಗೆ ಬೋನಸ್ ಪಡೆಯುವ ಅಧಿಕಾರಿಯ ಹಿತ ಇವು ಮೂರು ಬೇರೆ ಬೇರೆ.

ಅರ್ಧ ಬಿಚ್ಚಿದ ನಿಯಮ

ಒಟ್ಟು ಏರ್ಪಾಡಿನಲ್ಲಿ ಒಂದು ಕೊನೆಯನ್ನು ಬಿಚ್ಚಿ ಇನ್ನೊಂದನ್ನು ಬಿಗಿಯಾಗಿಯೇ ಇಡುವ ಪ್ರಸ್ತಾಪಗಳನ್ನು ವಿಶೇಷ ಅನುಮಾನದಿಂದ ನೋಡಿ. ಕ್ಯಾಲಿಫೋರ್ನಿಯಾ 1996ರ ಕಾಯ್ದೆಯ ಮೂಲಕ ವಿದ್ಯುತ್ತಿನ ಸಗಟು ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿತು, ಗ್ರಾಹಕರ ದರವನ್ನು ಮಾತ್ರ ಹಿಡಿದಿಟ್ಟಿತು. 2000ದಲ್ಲಿ ಸಗಟು ಬೆಲೆ ಗಗನಕ್ಕೇರಿದಾಗ ವಿತರಣಾ ಕಂಪನಿಗಳು ದುಬಾರಿಗೆ ಕೊಂಡು ಅಗ್ಗಕ್ಕೆ ಮಾರಬೇಕಾಯಿತು, ಬೆಲೆ ಏರಿಕೆ ತಿಳಿಯದ ಗ್ರಾಹಕರು ಬಳಕೆ ಕಡಿಮೆ ಮಾಡಲಿಲ್ಲ, ಎನ್ರಾನ್‌ನಂತಹ ವ್ಯಾಪಾರಿ ಕಂಪನಿಗಳು ಕೃತಕ ಅಭಾವ ಮತ್ತು ವಿದ್ಯುತ್ ಸಾಗಿಸುವ ತಂತಿಗಳಲ್ಲಿ ಸುಳ್ಳು ದಟ್ಟಣೆಯ ಆಟವಾಡಿ ಹಣ ಮಾಡಿಕೊಂಡವು. ಸರದಿಯ ಮೇಲೆ ವಿದ್ಯುತ್ ಕಡಿತ ಮಾಡಬೇಕಾಯಿತು. ರಾಜ್ಯದ ದೊಡ್ಡ ವಿತರಣಾ ಕಂಪನಿ ಪಿಜಿ ಅಂಡ್ ಇ 2001ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಇದು ಮಾರುಕಟ್ಟೆಯ ಸೋಲೋ ಸರ್ಕಾರದ ಸೋಲೋ ಎಂಬ ವಾದ ಇಂದಿಗೂ ನಡೆಯುತ್ತದೆ. ನನ್ನ ದೃಷ್ಟಿಯಲ್ಲಿ ಆ ಪ್ರಶ್ನೆಯೇ ಹುರುಳಿಲ್ಲದ್ದು: ಕೆಟ್ಟದಾಗಿ ಬರೆದ ಮಾರುಕಟ್ಟೆಯೂ ಸರ್ಕಾರ ಬರೆದದ್ದೇ.

ಈ ಮಾತು ಸ್ವಲ್ಪ ವಿಸ್ತಾರವಾಗಿ ಅನ್ವಯಿಸುತ್ತದೆ. ಸರ್ಕಾರ ಪಕ್ಕಕ್ಕೆ ಸರಿದರೆ ಉಳಿಯುವುದು ಶುದ್ಧ ಮಾರುಕಟ್ಟೆ ಎಂಬ ಚಿತ್ರವನ್ನು ಒಪ್ಪುವ ಮೊದಲು, ಕರಾರು ಮುರಿದವರ ಮೇಲೆ ದಾವೆ ಹೂಡುವ ನ್ಯಾಯಾಲಯ, ಆಸ್ತಿಯ ನೋಂದಣಿ, ದಿವಾಳಿ ಕಾಯ್ದೆ, ಕಂಪನಿ ಮುಳುಗಿದರೂ ಷೇರುದಾರರ ಸ್ವಂತ ಮನೆಯನ್ನು ಮುಟ್ಟಬಾರದೆಂಬ ಸೀಮಿತ ಹೊಣೆಗಾರಿಕೆ ಇವೆಲ್ಲ ಯಾರು ನಡೆಸುವ ಏರ್ಪಾಡುಗಳೆಂದು ಕೇಳಿಕೊಳ್ಳಿ. ಸೀಮಿತ ಹೊಣೆಗಾರಿಕೆಗಿಂತ ದೊಡ್ಡ ಸರ್ಕಾರಿ ಹಸ್ತಕ್ಷೇಪ ಇನ್ನೊಂದಿಲ್ಲ. ಅದನ್ನು ತೆಗೆಯಿರಿ ಎಂದು ಯಾವ ಉದ್ಯಮ ಸಂಘವೂ ಮನವಿ ಕೊಟ್ಟದ್ದು ನಾನು ಕಾಣೆ. ಹಾಗೆಂದು ಸರ್ಕಾರದ ಕೈಗೆ ಎಲ್ಲವನ್ನೂ ಒಪ್ಪಿಸಬೇಕೆಂದಲ್ಲ. ಟ್ರಕ್ಕುಗಳು ಯಾವ ಸರಕನ್ನು ಯಾವ ದಾರಿಯಲ್ಲಿ ಒಯ್ಯಬೇಕೆಂದು 1935ರಿಂದ ನಿರ್ಧರಿಸುತ್ತಿದ್ದ ಅಮೆರಿಕದ ಆಯೋಗ, ಲಾರಿಗಳು ಖಾಲಿ ಹಿಂದಿರುಗಬೇಕಾದ ಸ್ಥಿತಿ ತಂದಿತ್ತು. 1980ರಲ್ಲಿ ಆ ನಿಯಮಗಳನ್ನು ಸಡಿಲಿಸಿದಾಗ ಸಾಗಾಟ ಅಗ್ಗವಾಯಿತು.

ಒಂದು ಪ್ರಕರಣದ ಮೇಲೆ ಪ್ರಯೋಗ

ಇಷ್ಟನ್ನೂ ಒಂದೇ ಪ್ರಕರಣಕ್ಕೆ ಅನ್ವಯಿಸಿ ನೋಡಿದರೆ ಕ್ರಮ ಸ್ಪಷ್ಟವಾಗುತ್ತದೆ. 2008ರ ಕುಸಿತದ ನಂತರ ಬಂದ 2010ರ ಡಾಡ್–ಫ್ರಾಂಕ್ ಕಾಯ್ದೆ 5,000 ಕೋಟಿ ಡಾಲರ್ ಮೀರಿದ ಆಸ್ತಿಯಿರುವ ಬ್ಯಾಂಕುಗಳಿಗೆ ಬಿಗಿಯಾದ ಮೇಲ್ವಿಚಾರಣೆ ವಿಧಿಸಿತ್ತು. 2018ರ ಮೇ ತಿಂಗಳಲ್ಲಿ ಬಂದ ಕಾಯ್ದೆ ಆ ಮಿತಿಯನ್ನು 25,000 ಕೋಟಿಗೆ ಏರಿಸಿತು. ನಡುವೆ ಬರುವವುಗಳಲ್ಲಿ 10,000 ಕೋಟಿ ಮುಟ್ಟಿದ ಬ್ಯಾಂಕುಗಳ ಬಗ್ಗೆ ಫೆಡರಲ್ ರಿಸರ್ವ್‌ಗೆ ವಿವೇಚನೆ ಉಳಿಯಿತು. ವಾದ ಹೀಗಿತ್ತು: ಮಧ್ಯಮ ಗಾತ್ರದ ಬ್ಯಾಂಕುಗಳು ಮುಳುಗಿದರೆ ಇಡೀ ವ್ಯವಸ್ಥೆ ಅಲುಗುವುದಿಲ್ಲ, ಅವುಗಳ ಮೇಲೆ ಇಷ್ಟು ಭಾರ ಅನಗತ್ಯ. ಮೇಲ್ನೋಟಕ್ಕೆ ಒಪ್ಪಬಹುದಾದ ವಾದವೇ. ಇದರಲ್ಲಿ ಪರೀಕ್ಷಿಸಬಹುದಾದ ಒಂದು ಹೇಳಿಕೆಯಿದೆ: ಇಂತಹ ಬ್ಯಾಂಕು ಮುಳುಗಿದರೆ ಸರ್ಕಾರ ನಡುವೆ ಬರಬೇಕಾಗುವುದಿಲ್ಲ.

2023ರ ಮಾರ್ಚ್ 10ರಂದು ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದಾಗ ಅದರ ಆಸ್ತಿ ಸುಮಾರು 20,900 ಕೋಟಿ ಡಾಲರ್. ಅಂದರೆ ಹೊಸ ಮಿತಿಗಿಂತ ಕೆಳಗೆ, ಹಳೆಯ ಮಿತಿಗಿಂತ ಬಹಳ ಮೇಲೆ. 2019ರಿಂದ 2021ರ ನಡುವೆ ಅದು ಮೂರು ಪಟ್ಟು ಬೆಳೆದಿತ್ತು. ಅದರ ಠೇವಣಿಗಳಲ್ಲಿ ಶೇ 90ಕ್ಕೂ ಹೆಚ್ಚು ಪಾಲು ವಿಮೆಯ ಮಿತಿಯನ್ನು ಮೀರಿದ್ದವು, ಹಾಗಾಗಿ ಗಾಳಿಸುದ್ದಿ ಕೇಳಿದೊಡನೆ ಓಡುವಂಥವು. ಹಣವನ್ನು ದೀರ್ಘಾವಧಿಯ ಸಾಲಪತ್ರಗಳಲ್ಲಿ ತೊಡಗಿಸಿತ್ತು. ಬಡ್ಡಿದರ ಏರಿದಾಗ ಅವುಗಳ ಬೆಲೆ ಇಳಿಯಿತು. ದೀರ್ಘಾವಧಿಗೆ ಕೊಟ್ಟು, ಯಾವಾಗ ಬೇಕಾದರೂ ಹೊರಡಬಹುದಾದ ಹಣವನ್ನು ನೆಚ್ಚಿದ್ದ 1970ರ ದಶಕದ ಉಳಿತಾಯ ಸಂಸ್ಥೆಗಳ ಕಥೆಯೇ ಇದು. ಮಾರ್ಚ್ 9ರ ಒಂದೇ ದಿನ 4,200 ಕೋಟಿ ಡಾಲರ್ ಹೊರಹೋಯಿತು. ಮಾರ್ಚ್ 12ರಂದು ಸರ್ಕಾರ, ವ್ಯವಸ್ಥೆಗೇ ಅಪಾಯವಿದೆ ಎಂಬ ವಿಶೇಷ ಕಲಮನ್ನು ಬಳಸಿ, ವಿಮೆ ಇಲ್ಲದ ಠೇವಣಿಗಳೂ ಸೇರಿ ಎಲ್ಲವನ್ನೂ ಕಾಪಾಡಿತು. ಷೇರುದಾರರಿಗೆ ರಕ್ಷಣೆ ಸಿಗಲಿಲ್ಲ. ವಿಮಾ ನಿಧಿಗೆ ಆದ ನಷ್ಟವನ್ನು ಇತರ ಬ್ಯಾಂಕುಗಳಿಂದ ವಿಶೇಷ ಶುಲ್ಕವಾಗಿ ವಸೂಲು ಮಾಡಲಾಯಿತು. 2018ರ ವಾದದ ಒಳಗಿದ್ದ ಹೇಳಿಕೆ ಸುಳ್ಳಾಯಿತು.

ಆದರೆ ‘ನಿಯಮ ಸಡಿಲಿಸಿದ್ದರಿಂದ ಬ್ಯಾಂಕು ಮುಳುಗಿತು’ ಎಂದು ನೇರವಾಗಿ ಬರೆದರೆ ಅದೂ ಅರ್ಧ ಸತ್ಯವೇ. ಫೆಡರಲ್ ರಿಸರ್ವ್ ಏಪ್ರಿಲ್‌ನಲ್ಲಿ ಹೊರಡಿಸಿದ ತನ್ನದೇ ವರದಿಯಲ್ಲಿ ಮೊದಲ ದೋಷವನ್ನು ಬ್ಯಾಂಕಿನ ಆಡಳಿತದ ಮೇಲೆ ಹೊರಿಸಿ, ಮೇಲ್ವಿಚಾರಕರು ತೊಂದರೆಯ ಆಳವನ್ನು ಗ್ರಹಿಸಲಿಲ್ಲ, ಗ್ರಹಿಸಿದಾಗಲೂ ಸಾಕಷ್ಟು ಬೇಗ ಕ್ರಮ ಕೈಗೊಳ್ಳಲಿಲ್ಲ ಎಂದಿತು. ಸಡಿಲಿಕೆಯಿಂದ ಮಾನದಂಡಗಳು ಇಳಿದದ್ದನ್ನೂ ಒಪ್ಪಿಕೊಂಡಿತು. ಬ್ಯಾಂಕು ಮುಳುಗುವಾಗ ಅದರ ಮೇಲೆ 31 ಮೇಲ್ವಿಚಾರಣಾ ಆಕ್ಷೇಪಗಳು ಬಗೆಹರಿಯದೆ ಇದ್ದವು. ಅಂದರೆ ನೋಡುವವರು ನೋಡಿದ್ದರು, ಬರೆದಿದ್ದರು, ಕೈ ಹಿಡಿದು ನಿಲ್ಲಿಸಿರಲಿಲ್ಲ. ಇನ್ನೂ ಮುಜುಗರದ ಸಂಗತಿಯೆಂದರೆ, 2022ರಲ್ಲಿ ದೊಡ್ಡ ಬ್ಯಾಂಕುಗಳಿಗೆ ನಡೆಸಿದ ಒತ್ತಡ ಪರೀಕ್ಷೆಯ ಕಲ್ಪಿತ ಸಂಕಟದಲ್ಲಿ ಬಡ್ಡಿದರ ಇಳಿಯುತ್ತಿತ್ತು, ಏರುತ್ತಿರಲಿಲ್ಲ. ಹಾಗಾಗಿ ಈ ಬ್ಯಾಂಕು ಆ ಪರೀಕ್ಷೆಗೆ ಕುಳಿತಿದ್ದರೂ ರೋಗ ಪತ್ತೆಯಾಗುತ್ತಿತ್ತೆಂದು ಹೇಳಲಾಗದು. ಪರಿಶೀಲನೆ ಪ್ರಾಮಾಣಿಕವಾಗಿದ್ದರೆ ತನ್ನ ಪಕ್ಷಕ್ಕೆ ಅನುಕೂಲವಲ್ಲದ ಇಂತಹ ವಿವರವೂ ಟಿಪ್ಪಣಿಯಲ್ಲಿ ಇರಬೇಕು.

ಅಂಕಿಗಳನ್ನು ಮತ್ತು ಮಾತಾಡುವವರನ್ನು ಓದುವುದು

ನಿಯಮ ಪಾಲಿಸುವ ಖರ್ಚನ್ನು ಕಂಪನಿ ತನ್ನ ಲೆಕ್ಕಪುಸ್ತಕದಿಂದ ತೆಗೆದು ತೋರಿಸಬಹುದು. ನಿಯಮದಿಂದ ತಪ್ಪಿದ ಅಪಘಾತಕ್ಕೆ ಲೆಕ್ಕಪುಸ್ತಕವಿಲ್ಲ. ಖರ್ಚು ಕೆಲವರ ಮೇಲೆ ದಟ್ಟವಾಗಿ ಬೀಳುತ್ತದೆ, ಪ್ರಯೋಜನ ಲಕ್ಷಾಂತರ ಜನರಲ್ಲಿ ತೆಳುವಾಗಿ ಹರಡುತ್ತದೆ. ಆದ್ದರಿಂದ ವಿಚಾರಣೆಗೆ ವಕೀಲರನ್ನು ಕಳುಹಿಸುವವರು ಮೊದಲಿನವರೇ. ಸಡಿಲಿಕೆಯಿಂದ ಇಷ್ಟು ಉಳಿತಾಯ ಎಂಬ ಅಂಕಿ ಕಂಡಾಗ, ಅದು ಒಳ್ಳೆಯ ವರ್ಷಗಳ ಸರಾಸರಿಯೋ ಕೆಟ್ಟ ವರ್ಷವೂ ಸೇರಿದೆಯೋ ನೋಡಿ. 1982ರ ಕಾಯ್ದೆಯ ಬೆಲೆ ಪೂರ್ತಿ ಕಾಣಲು ಹತ್ತು ವರ್ಷಗಳೇ ಹಿಡಿದವು, 2000ದ ಕಾಯ್ದೆಯದು ಎಂಟು ವರ್ಷಗಳು. ಮೂರು ವರ್ಷದ ಫಲಿತಾಂಶ ತೋರಿಸಿ ಯಶಸ್ಸು ಸಾರುವ ವರದಿಗೆ ಇದನ್ನು ಎದುರಿಟ್ಟು ಅಳೆಯಿರಿ.

ಮುಕ್ತ ವ್ಯಾಪಾರದ ಪಿತಾಮಹನೆಂದು ಎಲ್ಲರೂ ಕರೆಯುವ ಆಡಮ್ ಸ್ಮಿತ್ 1776ರಷ್ಟು ಹಿಂದೆಯೇ, ವ್ಯಾಪಾರಿ ವರ್ಗದಿಂದ ಬರುವ ಯಾವುದೇ ಕಾನೂನಿನ ಪ್ರಸ್ತಾಪವನ್ನು ದೀರ್ಘಕಾಲ, ಎಚ್ಚರದಿಂದ ಮಾತ್ರವಲ್ಲ, ಅನುಮಾನದಿಂದ ಪರಿಶೀಲಿಸಿದ ಮೇಲಷ್ಟೇ ಒಪ್ಪಬೇಕೆಂದು ಬರೆದಿದ್ದರು. ಸ್ಮಿತ್ ಹೆಸರು ಹೇಳಿಕೊಂಡು ಸಡಿಲಿಕೆ ಕೇಳುವವರಿಗೆ ಈ ಭಾಗವನ್ನು ನೆನಪಿಸುವುದು ಅಸಭ್ಯವೇನಲ್ಲ. ನಿಯಮ ಬೇಕೆಂದು ಕೇಳುವ ಕಂಪನಿಗೂ ಇದೇ ಅನುಮಾನ ಸಲ್ಲಬೇಕು, ಏಕೆಂದರೆ ದೊಡ್ಡ ಕಂಪನಿಗೆ ತಡೆದುಕೊಳ್ಳಲು ಸಾಧ್ಯವಾಗುವ ನಿಯಮ ಸಣ್ಣ ಪ್ರತಿಸ್ಪರ್ಧಿಯನ್ನು ಮುಗಿಸಬಲ್ಲದು.

ಅಭಿಪ್ರಾಯ ಬರೆಯುವಾಗ

ಕೊನೆಗೆ ಆಕ್ಷೇಪಣೆಯನ್ನೋ ಲೇಖನವನ್ನೋ ಬರೆಯಲು ಕುಳಿತಾಗ, ‘ವಿರೋಧಿಸುತ್ತೇನೆ’ ಎಂಬುದಕ್ಕಿಂತ ಷರತ್ತುಗಳನ್ನು ಬರೆಯುವುದು ಹೆಚ್ಚು ಉಪಯುಕ್ತ. ನಿಯಮ ತೆಗೆಯುವುದಾದರೆ ಒಮ್ಮೆಲೇ ಅಲ್ಲ, ಹಂತಹಂತವಾಗಿ ತೆಗೆಯಬೇಕೆಂದು ಕೇಳಬಹುದು. ನಿಯಮ ಹೋಗುವ ದಿನವೇ ಅದಕ್ಕೆ ಜೋಡಿಸಿದ್ದ ಸರ್ಕಾರಿ ಖಾತರಿಯೂ ಅಷ್ಟರಮಟ್ಟಿಗೆ ಹೋಗಬೇಕೆಂದು, ಇಲ್ಲವೇ ಸ್ವಂತ ಬಂಡವಾಳದ ಪ್ರಮಾಣ ಏರಬೇಕೆಂದು ಕೇಳಬಹುದು. ಯಾವ ಸೂಚಕ ಯಾವ ಮಟ್ಟ ಮುಟ್ಟಿದರೆ ಹಳೆಯ ನಿಯಮ ತಾನಾಗಿ ಮರಳುತ್ತದೆ ಎಂಬುದನ್ನು ಮಸೂದೆಯಲ್ಲಿಯೇ ಬರೆಯಿಸಬಹುದು. ಕುಸಿತದ ನಂತರ ಹೊಸ ಕಾಯ್ದೆ ತರುವುದು ಎಷ್ಟು ತಡವಾಗುತ್ತದೆ ಎಂಬುದಕ್ಕೆ 2008ರ ಸೆಪ್ಟೆಂಬರ್ ಮತ್ತು 2010ರ ಜುಲೈ ನಡುವಿನ ಅಂತರವೇ ಸಾಕ್ಷಿ. ಮೇಲ್ವಿಚಾರಕರ ಆಕ್ಷೇಪಗಳು ಇಂತಿಷ್ಟು ಕಾಲದೊಳಗೆ ಬಗೆಹರಿಯದಿದ್ದರೆ ಲಾಭಾಂಶ ಮತ್ತು ಬೋನಸ್ ಹಂಚುವಂತಿಲ್ಲ ಎಂಬ ಒಂದು ಕಲಮನ್ನು ಸೇರಿಸುವಂತೆ ಕೇಳಿ. ಪ್ರಸ್ತಾಪ ತಂದವರು ಇವುಗಳಲ್ಲಿ ಯಾವುದನ್ನು ಸುಲಭವಾಗಿ ಒಪ್ಪುತ್ತಾರೆ, ಯಾವುದಕ್ಕೆ ಸಿಡಿದೇಳುತ್ತಾರೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ನಷ್ಟ ಯಾರ ಪಾಲಿಗೆ ಹೋಗಲೆಂದು ಅವರು ಎಣಿಸಿದ್ದರು ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಅಲ್ಲಿಯೇ ಸಿಗುತ್ತದೆ.